ಕಾವೇರಿಯನ್ನು ಕಂಪ್ಯೂಟರಿನೊಳಗೆ ಹರಿಸುವ ಮಾಯೆ!

ಕನಕಪುರ ದಾಟಿ ಸಂಗಮಕ್ಕೆ ಹೋದರೆ ಅರ್ಕಾವತಿ ಕಾವೇರಿಯನ್ನು ಸೇರುವುದು ಕಾಣುತ್ತದೆ. ಅಲ್ಲಿ ಹೊಳೆಗೆ ಅಗಲವುಂಟು, ಅವಸರವಿಲ್ಲ. ಅಲ್ಲಿಂದ ಮೂರೂವರೆ ಕಿಲೋಮೀಟರ್ ಕೆಳಗೆ, ಮೇಕೆದಾಟಿನ ಬಂಡೆಗಳ ಇರುಕಿಗೆ ಬಂದು ನೋಡಿ. ಅದೇ ಹೊಳೆಗೆ ಮೈಮೇಲೆ ಬಂದಂತಿದೆ! ಗೋಡೆಗೆ ಅಪ್ಪಳಿಸುತ್ತದೆ, ಹಿಂದಕ್ಕೆ ಮಗುಚುತ್ತದೆ, ಸುಳಿಯೊಳಗೊಂದು ಸುಳಿ ಹುಟ್ಟಿಸುತ್ತದೆ. ಸುಳಿಗೆ ಸಿಕ್ಕ ಕಲ್ಲುಗಳು ತಿರುಗಿ ತಿರುಗಿ ಗಟ್ಟಿ ಬಂಡೆಯಲ್ಲೇ ದುಂಡನೆಯ ಗುಳಿಗಳನ್ನು ಕೊರೆದಿವೆ.

ಈ ಗದ್ದಲವನ್ನೆಲ್ಲ ಲೆಕ್ಕ ಹಾಕಬಹುದು ಎಂದರೆ ನಂಬುತ್ತೀರಾ? ಯಾವ ಮೂಲೆಯಲ್ಲಿ ನೀರು ಎಷ್ಟು ಜೋರಾಗಿ ಓಡುತ್ತದೆ, ಬಂಡೆಯ ಯಾವ ಕಡೆ ಎಷ್ಟು ಒತ್ತಡ ಬೀಳುತ್ತದೆ, ಇನ್ನೂ ಒಂದಾಳು ನೀರು ಏರಿದರೆ ಏನಾಗುತ್ತದೆ ಎಂಬುದನ್ನೆಲ್ಲ ಪರದೆಯ ಮೇಲೆ ಹರಿಸಿ ನೋಡಬಹುದು. ಹಾಗೆ ನೋಡಲು ಬೇಕಾದ ಸಾಫ್ಟ್‌ವೇರ್‌ಗಳಲ್ಲಿ ಕೆಲವು ಬಿಡಿಗಾಸಿನ ಖರ್ಚಿಲ್ಲದೆ ಸಿಗುತ್ತವೆ. ಇವುಗಳ ಬೆನ್ನು ಹತ್ತಿದ ಮೇಲೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೀಮೆ ನನ್ನ ಕಣ್ಣಿಗೆ ಮೊದಲಿನಂತೆ ಕಾಣುತ್ತಿಲ್ಲ. ಎಲ್ಲಿ ನೋಡಿದರೂ ಹರಿವು!

ಒಂದೇ ಸಾಲು, ನೂರು ಅವತಾರ

ಈ ಎಲ್ಲ ಸಾಫ್ಟ್‌ವೇರ್‌ಗಳ ಹೊಟ್ಟೆಯಲ್ಲಿರುವುದು ಒಂದೇ ಸಮೀಕರಣ. ಫ್ರಾನ್ಸಿನ ಸೇತುವೆ ಎಂಜಿನಿಯರ್ ಕ್ಲೋಡ್ ನೇವಿಯರ್ 1822ರಲ್ಲಿ ಅದನ್ನು ಮಂಡಿಸಿದರು. ಕೇಂಬ್ರಿಡ್ಜಿನ ಜಾರ್ಜ್ ಸ್ಟೋಕ್ಸ್ 1845ರಲ್ಲಿ ಅದಕ್ಕೆ ಗಟ್ಟಿ ತಳಹದಿ ಹಾಕಿದರು. ಅದು ಹೇಳುವುದು ಇಷ್ಟೇ: ನೀರಿನ ಒಂದು ಪುಟ್ಟ ತುಣುಕನ್ನು ಹಿಡಿಯಿರಿ. ಅಕ್ಕಪಕ್ಕದ ನೀರಿನ ಒತ್ತಡ ಅದನ್ನು ತಳ್ಳುತ್ತದೆ, ಜಿಗುಟುತನ ಅದನ್ನು ಜಗ್ಗುತ್ತದೆ, ಭೂಮಿ ಕೆಳಕ್ಕೆ ಎಳೆಯುತ್ತದೆ. ಮೂರನ್ನೂ ಕೂಡಿದರೆ ಆ ತುಣುಕು ಮುಂದಿನ ಕ್ಷಣ ಎತ್ತ ಹೋಗುತ್ತದೆಂದು ಗೊತ್ತಾಗುತ್ತದೆ. ನ್ಯೂಟನ್ನನ ಎರಡನೇ ನಿಯಮವೇ ನೀರಿಗಿಳಿದಿದೆ, ಅಷ್ಟೆ.

ಆದರೆ ಆ ‘ಅಷ್ಟೆ’ಯ ಹರವು ನೋಡಿ! ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಹೊರಬಂದ ಕಾರಿನ ಬಾನೆಟ್ ಮೇಲೆ ಜಾರುವ ಗಾಳಿಗೂ ಅದೇ ಸಮೀಕರಣ. 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಣೆಯಾದ ರಾಮದೇವರ ಬೆಟ್ಟದಲ್ಲಿ, ಬಿಸಿಲಿಗೆ ಕಾದ ಬಂಡೆಯಿಂದ ಮೇಲೇಳುವ ಬಿಸಿಗಾಳಿಗೂ ಅದೇ. ಉದ್ದ ಕೊಕ್ಕಿನ ರಣಹದ್ದು ರೆಕ್ಕೆ ಬಡಿಯದೆ ಆ ಗಾಳಿಯ ಮೇಲೆ ಸುತ್ತು ಹಾಕುತ್ತಾ ಏರುತ್ತದಲ್ಲ, ಆ ಪುಕ್ಕಟೆ ಸವಾರಿಯನ್ನೂ ಪರದೆಯ ಮೇಲೆ ಕಟ್ಟಬಹುದು.

ಚನ್ನಪಟ್ಟಣದ ಗೊಂಬೆ ಕೆಲಸಗಾರರ ಲೇತ್ ಮುಂದೆ ನಿಂತರೂ ಅದೇ ಕಥೆ. ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟಕ್ಕೆ ಬಿಸಿ ಹುಟ್ಟುತ್ತದೆ, ಬಿಸಿಗೆ ಅರಗು ಮೆತ್ತಗಾಗಿ ಹರಡುತ್ತದೆ. ಆಮೇಲೆ ತಾಳೆಗರಿ ಒತ್ತಿ ಹಿಡಿದರೆ ಕನ್ನಡಿಯ ಹೊಳಪು! ಬಿಸಿ ಹೆಚ್ಚಾದಷ್ಟೂ ಜಿಗುಟು ಕಡಿಮೆ, ಜಿಗುಟು ಕಡಿಮೆಯಾದರೆ ತಿಕ್ಕಾಟವೂ ಕಡಿಮೆ, ತಿಕ್ಕಾಟ ಇಳಿದರೆ ಬಿಸಿಯೂ ಇಳಿಯುತ್ತದೆ. ಒಂದರ ಬಾಲ ಇನ್ನೊಂದರ ಬಾಯಲ್ಲಿ. ಸಾಫ್ಟ್‌ವೇರ್‌ಗೆ ಬೆವರಿಳಿಸುವ ಈ ಲೆಕ್ಕವನ್ನು ಕೆಲಸಗಾರರ ಬೆರಳು ನಿತ್ಯವೂ ಬಿಡಿಸುತ್ತಿದೆ.

ಇಷ್ಟು ಚಿಕ್ಕ ಸಮೀಕರಣ, ಆದರೂ ಪೂರ್ತಿ ಬಗೆಹರಿದಿಲ್ಲ. ಮೂರು ಆಯಾಮಗಳಲ್ಲಿ ಅದಕ್ಕೆ ಯಾವಾಗಲೂ ನೆಟ್ಟಗಿನ ಉತ್ತರ ಇರುತ್ತದೋ ಇಲ್ಲವೋ ಸಾಧಿಸಿ ತೋರಿಸಿದವರಿಗೆ ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ 10 ಲಕ್ಷ ಡಾಲರ್ ಬಹುಮಾನ ಘೋಷಿಸಿತು. ಆ ದುಡ್ಡು ಇನ್ನೂ ಅಲ್ಲೇ ಇದೆ!

ಹೊಳೆಯನ್ನು ಚೌಕ ಚೌಕ ಕತ್ತರಿಸಿ

ಪೂರ್ತಿ ಬಿಡಿಸಲಾಗದ್ದನ್ನು ತುಂಡು ಮಾಡಿ ಬಿಡಿಸುವುದು ಕಂಪ್ಯೂಟರಿನ ದಾರಿ. ಹೊಳೆಯನ್ನು ಸಣ್ಣ ಸಣ್ಣ ಚೌಕಗಳಾಗಿ, ಕಾಲವನ್ನು ಸಣ್ಣ ಸಣ್ಣ ಕ್ಷಣಗಳಾಗಿ ಹೋಳು ಮಾಡಿ, ಪ್ರತಿ ಚೌಕಕ್ಕೂ ಪ್ರತಿ ಕ್ಷಣಕ್ಕೂ ಕೂಡಿ ಕಳೆಯುತ್ತಾ ಹೋಗುವುದು. ಕಂಪ್ಯೂಟರೇ ಇಲ್ಲದ ಕಾಲದಲ್ಲಿ ಇಂಗ್ಲೆಂಡಿನ ಲೂಯಿಸ್ ರಿಚರ್ಡ್‌ಸನ್ ಇದನ್ನು ಕೈಲೆಕ್ಕದಲ್ಲೇ ಮಾಡಹೊರಟಿದ್ದರು. ಆರು ಗಂಟೆಗಳಲ್ಲಿ ಗಾಳಿಯ ಒತ್ತಡ ಎಷ್ಟು ಬದಲಾಗುತ್ತದೆ ಎಂಬ ಅವರ ಲೆಕ್ಕ 1922ರ ಪುಸ್ತಕದಲ್ಲಿದೆ. ಉತ್ತರ ಪೂರಾ ತಪ್ಪು! ಆದರೂ ಅವರು ಎದೆಗುಂದಲಿಲ್ಲ. 64,000 ಜನ ಒಂದೇ ಸಭಾಂಗಣದಲ್ಲಿ ಕೂತು ಇಡೀ ಭೂಮಿಯ ಹವೆಯನ್ನು ಗುಣಿಸುವ ಕನಸನ್ನು ಅದೇ ಪುಸ್ತಕದಲ್ಲಿ ಬರೆದಿಟ್ಟರು. ಇಂದಿನ ಹವಾಮಾನ ಮುನ್ಸೂಚನೆ ಆ ಕನಸಿನ ಮರಿಮಗು.

1965ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ಫ್ರಾನ್ಸಿಸ್ ಹಾರ್ಲೋ ಮತ್ತು ಎಡ್ಡಿ ವೆಲ್ಚ್ ಚೌಕಗಳೊಳಗೆ ಗುರುತಿನ ಕಣಗಳನ್ನು ತೇಲಿಬಿಟ್ಟರು. ಕಣ ಇದ್ದಲ್ಲಿ ನೀರು, ಇಲ್ಲದಲ್ಲಿ ಗಾಳಿ. ತೆರೆ ಮಗುಚಿ ಬೀಳುವುದು ಹೀಗೆ ಲೆಕ್ಕಕ್ಕೆ ಸಿಕ್ಕಿತು. 1981ರಲ್ಲಿ ಹರ್ಟ್ ಮತ್ತು ನಿಕೋಲ್ಸ್ ಇನ್ನೂ ಸರಳ ದಾರಿ ಕಂಡರು: ಪ್ರತಿ ಚೌಕಕ್ಕೂ ಸೊನ್ನೆಯಿಂದ ಒಂದರವರೆಗಿನ ಒಂದು ಸಂಖ್ಯೆ. ಒಂದು ಎಂದರೆ ತುಂಬಿದ ನೀರು, ಸೊನ್ನೆ ಎಂದರೆ ಬರೀ ಗಾಳಿ, ನಡುವಿನದೆಲ್ಲ ನೀರಿನ ಮೇಲ್ಮೈ. ಇವತ್ತು ಅಣೆಕಟ್ಟಿನ ಕೋಡಿಯ ಲೆಕ್ಕವೂ ಹಡಗಿನ ಲೆಕ್ಕವೂ ಬಹುಪಾಲು ಈ ದಾರಿಯಲ್ಲೇ ನಡೆಯುತ್ತವೆ.

ಸಿನಿಮಾದವರು ಕೆಲಸಕ್ಕೆ ಇಳಿದ ಮೇಲೆ ಆಟವೇ ಬದಲಾಯಿತು. 1999ರಲ್ಲಿ ಜೋಸ್ ಸ್ಟಾಮ್ ಎಂಬ ಸಂಶೋಧಕ ಹತ್ತೇ ಪುಟದೊಳಗೆ ಹೇಳಿಬಿಡಬಹುದಾದ ಒಂದು ಉಪಾಯವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಲೆಕ್ಕ ಪ್ರತಿ ಚೌಕವನ್ನೂ ಕೇಳುತ್ತಿತ್ತು: ‘ನಿನ್ನಲ್ಲಿರುವ ನೀರು ಈಗ ಎಲ್ಲಿಗೆ ಹೋಗುತ್ತದೆ?’ ನೀರು ಜೋರಾಗಿದ್ದು ಕ್ಷಣ ತುಸು ದೊಡ್ಡದಾದರೆ ಅದು ಪಕ್ಕದ ಚೌಕವನ್ನೇ ಹಾರಿ ಇನ್ನೆಲ್ಲೋ ಬೀಳುತ್ತಿತ್ತು. ಸಂಖ್ಯೆಗಳು ಕೆರಳಿ ಹಿಗ್ಗಿ ಪರದೆಯೆಲ್ಲ ಚಿಂದಿ! ಹವಾಮಾನದವರಿಗೆ ಗೊತ್ತಿದ್ದ ಒಂದು ಜಾಣತನವನ್ನು ಸ್ಟಾಮ್ ಎರವಲು ತಂದು ಪ್ರಶ್ನೆಯನ್ನೇ ತಿರುಗಿಸಿದರು: ‘ನಿನ್ನಲ್ಲಿ ಈಗ ಇರುವ ನೀರು ಎಲ್ಲಿಂದ ಬಂತು?’ ಹಿಂದಕ್ಕೆ ಹೋಗಿ, ಆ ಜಾಗದಲ್ಲಿದ್ದ ವೇಗವನ್ನು ತಂದು ಇಲ್ಲಿ ಹಾಕುವುದು. ತಂದದ್ದು ಮೊದಲೇ ಇದ್ದದ್ದರಿಂದಲೇ ಬಂದಿದೆ, ಅದಕ್ಕಿಂತ ದೊಡ್ಡದು ಹುಟ್ಟುವ ಮಾತೇ ಇಲ್ಲ. ಕೊನೆಗೊಂದು ಕಟ್ಟುಪಾಡು: ಚೌಕಕ್ಕೆ ಬಂದಷ್ಟೇ ನೀರು ಹೊರಕ್ಕೆ ಹೋಗಬೇಕು, ಒತ್ತಡವನ್ನು ಅದಕ್ಕೆ ಹೊಂದಿಸಬೇಕು. ಮುಗಿಯಿತು. 2003ರಲ್ಲಿ ಅವರು ಇದನ್ನೇ ನೂರು ಸಾಲಿನ ಆಸುಪಾಸಿನ ಸಿ ಭಾಷೆಯ ಪ್ರೋಗ್ರಾಂ ಆಗಿ ಗೇಮ್ ಮಾಡುವವರ ಮುಂದಿಟ್ಟರು. ನೂರೇ ಸಾಲು! ಮೌಸ್ ಆಡಿಸಿದರೆ ಪರದೆಯಲ್ಲಿ ಹೊಗೆ ಸುರುಳಿ ಸುತ್ತುತ್ತದೆ. ಡಿಗ್ರಿ ಓದುವ ಹುಡುಗಿಯೊಬ್ಬಳು ಒಂದು ಭಾನುವಾರದಲ್ಲಿ ಬರೆದು ಮುಗಿಸಬಹುದು.

ಉಪಾಯಕ್ಕೆ ಬೆಲೆಯೂ ಇತ್ತು. ಹಿಂದಕ್ಕೆ ಹೋಗಿ ತರುವಾಗ ನಾಲ್ಕು ಕಡೆಯದನ್ನು ಬೆರೆಸಿ ತರಬೇಕಾದ್ದರಿಂದ ಸಣ್ಣ ಸುಳಿಗಳು ಕಲಸಿಹೋಗುತ್ತಿದ್ದವು. 2001ರಲ್ಲಿ ಸ್ಟಾಮ್ ಮತ್ತು ಸಂಗಡಿಗರು ಕಳೆದುಹೋದ ಸುಳಿಯನ್ನು ಗುರುತಿಸಿ ಬಲವಂತವಾಗಿ ಮತ್ತೆ ತಿರುಗಿಸುವ ದಾರಿ ತೋರಿಸಿದರು. ಆ ದಾರಿಯನ್ನು ಮೊದಲು ಕಂಡವರು ವಿಮಾನಶಾಸ್ತ್ರದ ಜಾನ್ ಸ್ಟೈನ್‌ಹಾಫ್. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಈ ಕೊಡುಕೊಳ್ಳುವಿಕೆ ನಿಂತೇ ಇಲ್ಲ. 1977ರಲ್ಲಿ ನಕ್ಷತ್ರಗಳ ಲೆಕ್ಕಕ್ಕೆಂದು ಹುಟ್ಟಿದ, ಚೌಕಗಳೇ ಬೇಡದ, ಬರೀ ಕಣಗಳ ವಿಧಾನ ಇಂದು ಸಿನಿಮಾದ ಅಲೆಗೂ ಅಣೆಕಟ್ಟು ಒಡೆದ ಪ್ರವಾಹಕ್ಕೂ ದುಡಿಯುತ್ತಿದೆ. 1975ರ ‘ಶೋಲೆ’ಗೆ ರಾಮನಗರದ ಬಂಡೆಗಳ ನಡುವೆ ನಿಜವಾದ ದೂಳೆಬ್ಬಿಸಬೇಕಾಗಿತ್ತು. ಇವತ್ತು ದೂಳು, ಹೊಗೆ, ಬೆಂಕಿ ಎಲ್ಲವೂ ಸಮೀಕರಣದಿಂದಲೇ ಏಳುತ್ತವೆ.

ಆದರೆ ಇಬ್ಬರ ಧರ್ಮ ಬೇರೆ. ಸಿನಿಮಾದವನಿಗೆ ನೋಡುವವರ ಕಣ್ಣು ನಂಬಿದರೆ ಸಾಕು, ಎಂಜಿನಿಯರನ ಕಟ್ಟೆ ಮಳೆಗಾಲದಲ್ಲಿ ನಿಲ್ಲಬೇಕು.

ಕನಕಪುರ ರಸ್ತೆಯ ಪಕ್ಕದಲ್ಲಿ ಓಡುವ ಅಲೆ

ಕಟ್ಟೆ ನಿಲ್ಲುವ ಲೆಕ್ಕವನ್ನು ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಬೆಂಗಳೂರು ಕುಡಿಯುವ ಕಾವೇರಿ ಕನಕಪುರ ರಸ್ತೆಯ ಗುಂಟವೇ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಪಂಪಿಂಗ್ ಸ್ಟೇಷನ್‌ಗಳು ಅದನ್ನು ಸುಮಾರು 100 ಕಿಲೋಮೀಟರ್ ದೂಡಿ, ಸುಮಾರು 500 ಮೀಟರ್ ಮೇಲಕ್ಕೆತ್ತುತ್ತವೆ. ಮೊದಲ ಹಂತದ ನೀರು ಬಂದದ್ದು 1974ರಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ತರುವ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ.

ಈಗ ಊಹಿಸಿ: ಪಂಪು ಓಡುತ್ತಿರುವಾಗಲೇ ಕರೆಂಟ್ ಹೋಯಿತು. ಆ ಉಕ್ಕಿನ ಪೈಪಿನೊಳಗೆ ಮುಂದಿನ ಒಂದು ನಿಮಿಷದಲ್ಲಿ ಏನಾಗುತ್ತದೆ?

ಪಂಪಿನ ಬಳಿಯ ನೀರು ನಿಲ್ಲುತ್ತದೆ. ಮುಂದಿನ ನೀರಿಗೆ ಸುದ್ದಿ ಗೊತ್ತಿಲ್ಲ, ಅದು ಓಡುತ್ತಲೇ ಇದೆ. ನಡುವೆ ಒತ್ತಡ ಕುಸಿಯುತ್ತದೆ. ಆ ಕುಸಿತ ಅಲೆಯಾಗಿ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ವೇಗದಲ್ಲಿ ಪೈಪಿನುದ್ದಕ್ಕೂ ಓಡುತ್ತದೆ. 30 ಕಿಲೋಮೀಟರ್ ಆಚೆಯ ತೊಟ್ಟಿಗೆ ಸುದ್ದಿ ಮುಟ್ಟಲು ಅರ್ಧ ನಿಮಿಷ! ದಾರಿಯಲ್ಲಿ ದಿಬ್ಬವಿದ್ದರೆ ಅಲ್ಲಿ ಒತ್ತಡ ಎಷ್ಟು ಬೀಳುತ್ತದೆಂದರೆ ಬಿಸಿಯೇ ಇಲ್ಲದೆ ನೀರು ಆವಿಯಾಗಿ ನೀರಿನ ಕಂಬ ಎರಡಾಗಿ ಸೀಳುತ್ತದೆ. ತೊಟ್ಟಿ ಮುಟ್ಟಿದ ಅಲೆ ತಿರುಗಿ ಬರುತ್ತದೆ. ಸೀಳಿದ ಎರಡು ಕಂಬಗಳು ಮತ್ತೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಬಸ್ಸಿಗೆ ದಿಢೀರ್ ಬ್ರೇಕ್ ಬಿದ್ದಾಗ ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬೀಳುವಂತೆ ಹಿಂದಿನ ನೀರೆಲ್ಲ ಮುಂದಿನದರ ಮೇಲೆ! ಎಂಜಿನಿಯರುಗಳ ಬಾಯಲ್ಲಿ ಇದೇ ‘ವಾಟರ್ ಹ್ಯಾಮರ್’. ಸೆಕೆಂಡಿಗೆ ಎರಡು ಮೀಟರ್ ವೇಗದ ನೀರು ಗಕ್ಕನೆ ನಿಂತರೆ ಹುಟ್ಟುವ ಹೆಚ್ಚುವರಿ ಒತ್ತಡ 200 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಇದರ ಸೂತ್ರವನ್ನು ಮಾಸ್ಕೋ ನಗರದ ನೀರಿನ ಪೈಪುಗಳ ಮೇಲೆ ಪ್ರಯೋಗ ಮಾಡಿ 1898ರಲ್ಲಿ ಕೊಟ್ಟವರು ನಿಕೊಲಾಯ್ ಜುಕೋವ್‌ಸ್ಕಿ. ವಿಮಾನದ ರೆಕ್ಕೆ ಹೇಗೆ ಎತ್ತುತ್ತದೆ ಎಂಬ ಲೆಕ್ಕಕ್ಕೂ ಅವರದೇ ಹೆಸರು! ಪೈಪಿನ ಗುದ್ದು, ರೆಕ್ಕೆಯ ಏರು, ಎರಡೂ ಒಂದೇ ತಲೆಯಲ್ಲಿ.

ಪೈಪು ಹಾಕುವ ಮೊದಲೇ ಈ ನಿಮಿಷವನ್ನು ಕಂಪ್ಯೂಟರಿನಲ್ಲಿ ಹರಿಸಿ ನೋಡುತ್ತಾರೆ. 30 ಕಿಲೋಮೀಟರ್ ಪೈಪನ್ನು 100 ಮೀಟರಿನ 300 ತುಂಡು ಮಾಡಿ. ಅಲೆ ಒಂದು ತುಂಡು ದಾಟಲು ಸೆಕೆಂಡಿನ ಹತ್ತನೇ ಒಂದು ಭಾಗ, ಲೆಕ್ಕದ ಹೆಜ್ಜೆಯೂ ಅಷ್ಟೇ. ಅಲೆಯ ಜೊತೆಜೊತೆಗೆ ಲೆಕ್ಕ ಓಡುತ್ತದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ವಿಭಾಗವೇ ಇದಕ್ಕಾಗಿ ‘ಸರ್ಜ್ ಅನಾಲಿಸಿಸ್ ಪ್ರೋಗ್ರಾಂ’ ಕಟ್ಟಿದೆ. ದೇಶದ ನೀರು ಸರಬರಾಜು ಟೆಂಡರುಗಳಲ್ಲಿ ‘ಸ್ಯಾಪ್’ ಎಂಬ ಹೆಸರು ಕಂಡರೆ ಅದು ಬೆಂಗಳೂರಿನದು! ಗುದ್ದು ತಗ್ಗಿಸಲು ಎಲ್ಲಿ ಏರ್ ವೆಸೆಲ್ ಇಡಬೇಕು, ಎಲ್ಲಿ ಸರ್ಜ್ ಟ್ಯಾಂಕ್, ದಿಬ್ಬದ ಮೇಲೆ ಎಂಥ ಏರ್ ವಾಲ್ವ್ ಎಂಬುದೆಲ್ಲ ಇಂಥ ಲೆಕ್ಕದಿಂದ ತೀರ್ಮಾನವಾಗುತ್ತದೆ.

ಅದೇ ಪೈಪಿನೊಳಗಿನ ಒಂದೊಂದು ಸುಳಿಯನ್ನೂ ಬಿಡದೆ ಹಿಡಿಯುತ್ತೇನೆ ಎಂದು ಹೊರಟರೆ? ಎರಡು ಮೀಟರ್ ಅಗಲದ ಪೈಪಿನಲ್ಲಿ ಸೆಕೆಂಡಿಗೆ ಎರಡು ಮೀಟರ್ ಹರಿಯುವ ನೀರಿಗೆ, ಪೈಪಿನ ಚಿಕ್ಕದೊಂದು ಭಾಗಕ್ಕೇ ಸುಮಾರು ಏಳು ಕೋಟಿ ಕೋಟಿ ಬಿಂದುಗಳು ಬೇಕು. ಕೋಟಿಯನ್ನು ಕೋಟಿಯಿಂದ ಗುಣಿಸಿ, ಅದರ ಏಳರಷ್ಟು! ಆದ್ದರಿಂದಲೇ ಸಣ್ಣ ಸುಳಿಗಳನ್ನು ಸರಾಸರಿಗೆ ಬಿಟ್ಟು ದೊಡ್ಡದನ್ನಷ್ಟೇ ಹಿಡಿಯುತ್ತಾರೆ. ಯಾವುದನ್ನು ಬಿಡಬೇಕು ಎಂಬ ತಿಳಿವಳಿಕೆಯೇ ಇಲ್ಲಿ ಅರ್ಧ ವಿದ್ಯೆ.

ಬೆಂಗಳೂರಿನಲ್ಲಿ ಹುಟ್ಟಿದ ಯಂತ್ರ

ಇದೆಲ್ಲ ಹೊರದೇಶದವರ ಸರಕು ಎಂದುಕೊಂಡಿದ್ದವನಿಗೆ ದೊಡ್ಡ ಬೆರಗು ಕಾದಿದ್ದು ಬೆಂಗಳೂರಿನಲ್ಲೇ. ಹಳೆಯ ವಿಮಾನ ನಿಲ್ದಾಣದ ರಸ್ತೆಯ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ಒಂದು ಯಂತ್ರ ಎದ್ದು ನಿಂತಿತು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಹರಿವಿನ ವಿಜ್ಞಾನದಲ್ಲಿ ಜಗತ್ತೇ ಗುರುತಿಸುವ ರೊದ್ದಂ ನರಸಿಂಹ. ಯಂತ್ರ ಕಟ್ಟಿದ ತಂಡದ ಮುಂದಾಳು ಯು.ಎನ್. ಸಿನ್ಹಾ. ಇಂಟೆಲ್ 8086 ಪ್ರೊಸೆಸರುಗಳನ್ನು ಜೊತೆಗೂಡಿಸಿ, ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವಂತೆ ಹೂಡಿದ ಆ ಯಂತ್ರದ ಹೆಸರು ‘ಫ್ಲೋಸಾಲ್ವರ್’. ಭಾರತದ ಮೊದಲ ಸಮಾಂತರ ಕಂಪ್ಯೂಟರ್! ಪುಣೆಯ ಸಿ-ಡ್ಯಾಕ್‌ನ ಹೆಸರಾಂತ ‘ಪರಮ್ 8000’ ಬಂದದ್ದು 1991ರಲ್ಲಿ. ಅಂದರೆ ನಮ್ಮ ದೇಶದಲ್ಲಿ ಸಮಾಂತರ ಕಂಪ್ಯೂಟರ್ ಮೊದಲು ಹುಟ್ಟಿದ್ದೇ ಗಾಳಿ ನೀರಿನ ಹರಿವನ್ನು ಬಿಡಿಸಲು. ಅದರ ಮುಂದಿನ ಪೀಳಿಗೆಗಳು ಮುಂಗಾರಿನ ಮುನ್ಸೂಚನೆಗೂ ದುಡಿದವು.

ಅದೇ ಕಾಲದಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಎಂ. ದೇಶಪಾಂಡೆ, ಗಾಳಿಯ ಅಣುಗಳ ಓಡಾಟದಿಂದಲೇ ಶುರುಮಾಡಿ ಶಬ್ದವೇಗ ಮೀರಿದ ಹರಿವನ್ನು ಲೆಕ್ಕಹಾಕುವ ವಿಧಾನಗಳನ್ನು ಕಟ್ಟುತ್ತಿದ್ದರು. ಅವು ಇಂದು ಜಗತ್ತಿನ ಪಠ್ಯಗಳಲ್ಲಿವೆ.

ಇನ್ನೂ ಹಿಂದಕ್ಕೆ ಹೋಗಿ, ಕಂಪ್ಯೂಟರಿನ ಸುಳಿವೇ ಇಲ್ಲದ ಕಾಲಕ್ಕೆ. ಚನ್ನಪಟ್ಟಣದ ಇಗ್ಗಲೂರು ಬ್ಯಾರೇಜಿಗೆ ಬರುವ ಶಿಂಷಾ ಹೊಳೆಗೆ ಮೇಲುಗಡೆ, ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ಅಣೆಕಟ್ಟಿದೆ. ಅಲ್ಲಿ ನೀರು ಮಟ್ಟ ಮೀರಿದರೆ ಗೇಟು ಎತ್ತುವವರು ಬೇಕಿಲ್ಲ, ಸೈಫನ್ ತಾನೇ ತೆರೆದುಕೊಳ್ಳುತ್ತದೆ. ಮೈಸೂರು ಸಂಸ್ಥಾನದ ಎಂಜಿನಿಯರ್ ವಿ. ಗಣೇಶ ಅಯ್ಯರ್ ಈ ವಿದ್ಯೆಯನ್ನು ತುತ್ತತುದಿಗೆ ಒಯ್ದರು. ಅವರ ‘ವೊಲ್ಯೂಟ್ ಸೈಫನ್’ ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲಿದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿರುವ ಆ ಅಣೆಕಟ್ಟು ನೀರು ಇಳಿದ ಬೇಸಿಗೆಯಲ್ಲಿ ಇಂದಿಗೂ ತಲೆ ಎತ್ತುತ್ತದೆ. ಸೈಫನ್ನಿನ ರೂಪ ಹೀಗೆ: ದೊಡ್ಡದೊಂದು ಲಾಳಿಕೆ, ಅದರ ಮೇಲೊಂದು ಗುಮ್ಮಟ. ಲಾಳಿಕೆಯ ಒಳಮೈಯಲ್ಲಿ ಬಾಗಿದ ರೆಕ್ಕೆಗಳು. ಅಂಚು ಮೀರಿ ಬಂದ ನೀರನ್ನು ಆ ರೆಕ್ಕೆಗಳು ಗಿರ್ರನೆ ತಿರುಗಿಸುತ್ತವೆ. ಸುಳಿ ಗುಮ್ಮಟದೊಳಗಿನ ಗಾಳಿಯನ್ನು ಹೀರಿ ಕೆಳಕ್ಕೆ ಒಯ್ಯುತ್ತದೆ, ಗಾಳಿ ಖಾಲಿಯಾದೊಡನೆ ಸೈಫನ್ ಪೂರ್ತಿ ಬಾಯಿ ತೆರೆದು ನೀರನ್ನು ಎಳೆದು ಬಿಸಾಡುತ್ತದೆ. ಮಟ್ಟ ಇಳಿದಾಗ ಸಣ್ಣ ಕಿಂಡಿಯಿಂದ ಗಾಳಿ ನುಗ್ಗಿ ಎಲ್ಲ ಸ್ತಬ್ಧ. ಕರೆಂಟ್ ಇಲ್ಲ, ಮೋಟಾರಿಲ್ಲ, ಕಾವಲುಗಾರನಿಲ್ಲ! ನೀರು, ಗಾಳಿ, ಸುಳಿ ಮೂರೂ ಕಲೆತ ಈ ಲೆಕ್ಕ ಇಂದಿನ ಸಾಫ್ಟ್‌ವೇರ್‌ಗೂ ಸುಲಭದ್ದಲ್ಲ.

ಬಣ್ಣದ ಚಿತ್ರಕ್ಕೆ ಮರುಳಾಗಬೇಡಿ

ಪರದೆಯ ಮೇಲೆ ಕೆಂಪು ನೀಲಿ ಬಣ್ಣ ಮೂಡಿದೊಡನೆ ಸತ್ಯ ಸಿಕ್ಕಿತು ಎಂದಲ್ಲ. ಚೌಕಗಳನ್ನು ಅರ್ಧಕ್ಕೆ ಇಳಿಸಿ ಮತ್ತೆ ಲೆಕ್ಕ ಮಾಡಿದಾಗ ಉತ್ತರ ಬದಲಾದರೆ ಮೊದಲಿನದನ್ನು ನಂಬುವ ಹಾಗಿಲ್ಲ. ಅಳತೆಗೆ ತಾಳೆಯಾಗದಿದ್ದರೆ ಎರಡನೆಯದನ್ನೂ ನಂಬುವ ಹಾಗಿಲ್ಲ. ಕೃಷ್ಣರಾಜಸಾಗರದ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಂಥ ಕಡೆ ಅಣೆಕಟ್ಟಿನ ಕಿರುಮಾದರಿ ಕಟ್ಟಿ, ನಿಜವಾದ ನೀರು ಬಿಟ್ಟು ನೋಡುವ ಪರಿಪಾಠ ಇರುವುದು ಇದಕ್ಕೇ. ಲೆಕ್ಕವೂ ಬೇಕು, ಒದ್ದೆಯಾದ ಕೈಯೂ ಬೇಕು.

ಈಗ ನಮ್ಮ ಸೀಮೆಯ ಮಾತು. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರ, ಚನ್ನಪಟ್ಟಣದಲ್ಲಿ ಕೆರೆಗಳು ಉಕ್ಕಿ, ಬೆಂಗಳೂರು–ಮೈಸೂರು ಹೆದ್ದಾರಿಯೇ ಮುಳುಗಿ, ಮನೆಗಳಿಗೆ ನೀರು ನುಗ್ಗಿದ್ದು ಯಾರಿಗೂ ಮರೆತಿಲ್ಲ. ಯಾವ ಕೆರೆ ಕೋಡಿ ಹರಿದರೆ ಯಾವ ಬೀದಿಗೆ ಎಷ್ಟು ಹೊತ್ತಿನಲ್ಲಿ ಎಷ್ಟು ನೀರು, ಯಾವ ಮೋರಿ ಕಿರಿದಾಯಿತು, ಯಾವ ಅಂಡರ್‌ಪಾಸ್ ಮೊದಲು ತುಂಬುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಸಾಧನ ಈಗ ಲ್ಯಾಪ್‌ಟಾಪಿನಲ್ಲೇ ಇದೆ. ಅಮೆರಿಕದ ಸೇನಾ ಎಂಜಿನಿಯರುಗಳ ‘ಹೆಕ್-ರಾಸ್’ ಇಂಥ ಪ್ರವಾಹಕ್ಕೆಂದೇ ಇರುವ ಸಾಫ್ಟ್‌ವೇರ್, ಉಚಿತ. 2004ರಲ್ಲಿ ಎಲ್ಲರಿಗೂ ಮುಕ್ತವಾದ ‘ಓಪನ್‌ಫೋಮ್’ ಕೂಡ ಉಚಿತ. ಅದರ ಜೊತೆಯಲ್ಲೇ ಬರುವ ‘ಡ್ಯಾಮ್‌ಬ್ರೇಕ್’ ಪಾಠದಲ್ಲಿ ಅಡಿಯೆತ್ತರದ ನೀರಿನ ಕಂಬವೊಂದು ಕುಸಿದು, ಅಡ್ಡವಿಟ್ಟ ಪುಟ್ಟ ಕಟ್ಟೆಗೆ ಬಡಿದು, ನಾಲಿಗೆ ಚಾಚಿ ಎದುರು ಗೋಡೆಗೆ ಹಾರುತ್ತದೆ. ಕಲಿಯಲು ಅದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ. ಚಿತ್ರದ ಹುಚ್ಚಿರುವವರಿಗೆ ‘ಬ್ಲೆಂಡರ್’ ಇದೆ, ಅದೂ ಉಚಿತ.

ಸಾಫ್ಟ್‌ವೇರ್ ಕೊಡದೆ ಇರುವುದು ಒಂದೇ: ನಮ್ಮ ನೆಲದ ಅಳತೆ. ಅರ್ಕಾವತಿಯ ಪಾತ್ರ ಎಲ್ಲಿ ಎಷ್ಟು ಅಗಲ, ಮಂಚನಬೆಲೆಯ ಕೆಳಗಿನ ಹಳ್ಳಿಗಳು ಎಷ್ಟು ತಗ್ಗಿನಲ್ಲಿವೆ, ಪ್ರತಿ ಮೋರಿಯ ಬಾಯಿ ಎಷ್ಟು ಅಡಿ ಎಂಬುದನ್ನು ಊರಿನವರೇ ಟೇಪು ಹಿಡಿದು ಅಳೆಯಬೇಕು. ರಾಮನಗರ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳೇ, ಮಾಗಡಿ ಕನಕಪುರದ ಡಿಪ್ಲೊಮಾ ವಿದ್ಯಾರ್ಥಿಗಳೇ, ಈ ಸಲದ ಪ್ರಾಜೆಕ್ಟಿಗೆ ಬೇರೆ ವಿಷಯ ಹುಡುಕಬೇಡಿ. ನಿಮ್ಮ ಊರಿನ ಕೆರೆ ಕೋಡಿಯನ್ನು ಅಳೆದು ಕಂಪ್ಯೂಟರಿನಲ್ಲಿ ಹರಿಸಿ, ಬಂದ ಉತ್ತರವನ್ನು ಪಂಚಾಯಿತಿಯ ಮುಂದಿಡಿ. ಮುಂದಿನ ಮಳೆಗಾಲಕ್ಕೆ ಮೊದಲೇ!